ಉಳದೆ ಉಳಿಸಿದ ನೆಲ

ಒಂದು ಊರಿನ ಹಿರಿಯರು ಯಾವುದನ್ನು ತಮ್ಮ ಬಾಳಿನ ಆಧಾರವೆಂದು ಬಗೆದಿದ್ದರೋ ಅದರ ಗುರುತು ಅನೇಕವೇಳೆ ಊರಿನ ಹೆಸರಿನಲ್ಲಿಯೇ ಉಳಿದುಬಂದಿರುತ್ತದೆ. ಕಡೂರಿನಿಂದ ಮೂಡಲಿಗೆ ಹಬ್ಬಿದ ಬಯಲುಸೀಮೆಯಲ್ಲಿ ಹೋಬಳಿಯ ಕೇಂದ್ರವಾಗಿರುವ ಸಿಂಗಟಗೆರೆಯ ಹೆಸರಿನ ಮೊದಲರ್ಧಕ್ಕೆ ಯಾರು ಯಾವ ಅರ್ಥವನ್ನೇ ಹೇಳಲಿ, ಉತ್ತರಾರ್ಧದಲ್ಲಿ ಸಂದೇಹಕ್ಕೆ ಎಡೆಯಿಲ್ಲ; ಸಮಾಸದಲ್ಲಿ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿರುವ ಆ ‘ಗೆರೆ’ಯು ಕೆರೆಯೇ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಜನರು ಮೊದಲು ಕೆರೆಯನ್ನು ಕಟ್ಟಿ ಆಮೇಲೆ ಊರನ್ನು ಕಟ್ಟಿದರೆಂದರೆ ಅದು ಅತಿಶಯೋಕ್ತಿಯಾಗದು. ಕೆರೆಗಳ ಕಥೆಯನ್ನು ಹೇಳಿದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಆ ಕೆರೆಗಳಿಗೆ ನೀರನ್ನು ಕಳಿಸಿಕೊಡುತ್ತಿದ್ದ, ನೇಗಿಲ ಮೊನೆ ತಾಗದ ಮೇಲ್ಬಯಲಿನ ಕಥೆಯನ್ನು ಹೇಳಿದವರು ಮಾತ್ರ ವಿರಳ. ಇವೆರಡನ್ನೂ ಕೂಡಿಸಿ ನೋಡಿದ ಹೊರತು ಈ ನೆಲದ ಇಂದಿನ ಬವಣೆ ಅರ್ಥವಾಗುವುದಿಲ್ಲವೆಂದು ನನಗೆ ತೋರುತ್ತದೆ.

ಭೂಮಿಯ ರಚನೆಯಿಂದಲೇ ತೊಡಗಬೇಕು. ಪಡುವಣ ಕಡಲಿನಿಂದ ಎದ್ದುಬಂದ ಮುಂಗಾರಿನ ಮೋಡಗಳು ಘಟ್ಟದ ಸಾಲಿನ ಮೇಲೆ ತಮ್ಮ ಭಾರವನ್ನೆಲ್ಲ ಇಳಿಸಿ, ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿಯನ್ನು ಶಿರೋಭಾಗದಲ್ಲಿ ಹೊತ್ತ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಉಳಿದುದನ್ನೂ ತೆತ್ತು, ಬರಿದಾದ ಮೇಲೆ ಕಡೂರಿನ ಬಯಲಿಗೆ ಬರುತ್ತವೆ. ಒಂದೇ ಜಿಲ್ಲೆಯ ಮಲೆನಾಡು ಜಡಿಮಳೆಯಲ್ಲಿ ನೆನೆದು ನಡುಗುತ್ತಿರುವ ದಿನದಲ್ಲಿಯೇ ಇಲ್ಲಿಯ ರೈತನು ಕೂರಿಗೆಯನ್ನು ಹೊಲದ ಬದುವಿನಲ್ಲಿ ಇಳಿಸಿ ಆಕಾಶವನ್ನು ನೋಡುತ್ತ ನಿಂತಿರುತ್ತಾನೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ಉತ್ತರೆ, ಹಸ್ತೆ, ಚಿತ್ತೆಗಳ ದಯೆಯನ್ನು ಬಹುಮಟ್ಟಿಗೆ ಅವಲಂಬಿಸಿದುದು. ಒಂದು ವರ್ಷ ಬಂದರೆ ಮತ್ತೊಂದು ವರ್ಷ ಬಾರದು. ಗಿರಿಯ ಮಗ್ಗುಲಿನಲ್ಲಿ ಹುಟ್ಟುವ ವೇದಾ, ಅವತಿಗಳೆಂಬ ಎರಡು ತೊರೆಗಳು ಕಡೂರಿನ ಬಳಿ ಕೂಡಿಕೊಂಡು ವೇದಾವತಿಯೆಂಬ ಹೆಸರಿನಿಂದ ಈಶಾನ್ಯಕ್ಕೆ ಹರಿಯುವುದೇ ಈ ಸೀಮೆಗೆ ದೊರೆತ ನದೀಭಾಗ್ಯ.

ಆ ಎರಡು ತೊರೆಗಳನ್ನೂ ಪ್ರಾಚೀನರು ಸುಮ್ಮನೆ ಹರಿಯಗೊಡಲಿಲ್ಲ. ವೇದೆಗೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಅವತಿಗೆ ಮದಗದಕೆರೆ. ಗುಡ್ಡಗಳ ನಡುವಣ ಕಣಿವೆಗೆ ಏರಿಯನ್ನು ಕಟ್ಟಿ ನಿರ್ಮಿಸಿದ ಈ ಎರಡು ಜಲಾಶಯಗಳು ಕಡೂರು ಸೀಮೆಯ ಎರಡು ಕಣ್ಣುಗಳು. ಅಯ್ಯನಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದು ಐತಿಹ್ಯ. ಇವೆರಡರ ಕೆಳಗೂ ಬಯಲಿನ ಉದ್ದಗಲಕ್ಕೂ ಇದ್ದವು ಸಣ್ಣಕೆರೆಗಳ ಸರಣಿಗಳು: ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿಯ ನೀರು ಇನ್ನೂ ಕೆಳಗಿನದಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಈ ಸರಣಿಗಳನ್ನು ಪರೀಕ್ಷಿಸಿ, ಹೊಸದೊಂದು ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ದುಸ್ತರವೆಂಬಷ್ಟು ಪೂರ್ಣವಾಗಿ ನಾಡಿನವರು ನೀರನ್ನು ಹಿಡಿದಿದ್ದಾರೆಂದು ಬೆರಗಾಗಿದ್ದರು. ಲೂಯಿ ರೈಸರು 1901ರಲ್ಲಿ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ ಹೊರತಂದರು. ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಮೊದಲಾಗಿ ನಮ್ಮ ಶಾಸನಗಳಲ್ಲಿ ಬರುವ ಮಾತುಗಳೆಲ್ಲ ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಪಾಡುವವನಿಗೆ ಕೊಟ್ಟ ಭೂಮಿಯನ್ನೋ ಬೆಳೆಯ ಪಾಲನ್ನೋ ಹೇಳತಕ್ಕವು. ಕಟ್ಟುವುದು ಒಮ್ಮೆ, ಕಾಯುವುದು ಎಂದೆಂದಿಗೂ ಎಂಬ ತಿಳಿವಳಿಕೆ ಆ ದಾನಗಳಲ್ಲಿ ಅಡಗಿದೆ.

ಹಳೆಯ ಕೆರೆಯೊಂದರ ತೂಬನ್ನು ಹತ್ತಿರದಿಂದ ನೋಡಿದವರು ಅದನ್ನು ಮರೆಯಲಾರರು. ನೀರಿನ ನಡುವೆ ಎರಡು ಕಲ್ಲುಕಂಬಗಳು. ಅವುಗಳನ್ನು ಬೆಸೆದ ಅಡ್ಡಗಲ್ಲುಗಳಲ್ಲಿ ಒಂದರ ಕೆಳಗೊಂದರಂತೆ ಕೊರೆದ ತೂತುಗಳು. ಆ ತೂತುಗಳ ಮೂಲಕ ಇಳಿಬಿಟ್ಟ ಮರದ ಕೋಲು. ಕೋಲಿನ ತುದಿಗೆ, ತಳದ ಬಾಯನ್ನು ಮುಚ್ಚುವ ಗೂಟ. ನೀರುಗಂಟಿಯು ಈಜಿಹೋಗಿ ಆ ಕೋಲನ್ನು ಗೇಣಷ್ಟು ಎತ್ತಿದರೆ ಇಷ್ಟು ಗದ್ದೆಗೆ ನೀರು, ಮೊಳದಷ್ಟು ಎತ್ತಿದರೆ ಅಷ್ಟು ಗದ್ದೆಗೆ. ಬೇಸಗೆಯಲ್ಲಿ ಅಂಗಳ ಒಣಗಿದಾಗ ಗಾಡಿಗಳು ಸಾಲಾಗಿ ಬಂದು ಹೂಳನ್ನು ತುಂಬಿಕೊಂಡು ಹೊಲಗಳಿಗೆ ಒಯ್ಯುತ್ತಿದ್ದವು; ಕೆರೆಯ ಹೊಟ್ಟೆ ಹಗುರಾಗುತ್ತಿತ್ತು, ಹೊಲದ ಮಣ್ಣಿಗೆ ಕಸುವು ಬರುತ್ತಿತ್ತು.

ಇಷ್ಟು ಕೆರೆಯ ಮಾತಾಯಿತು. ಇನ್ನು ಕಾವಲಿನ ವಿಚಾರ. ಸಿಂಗಟಗೆರೆಯ ಸೀಮೆಯೂ ಅದರ ನೆರೆಯ ಅಜ್ಜಂಪುರವೂ ಅಮೃತಮಹಲ್ ದನಗಳ ನಾಡು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ‘ಬೆಣ್ಣೆ ಚಾವಡಿ’ಯೆಂದು ಕರೆಯಿಸಿಕೊಂಡ ಅರಮನೆಯ ಪಶುಶಾಲೆಗೆ ಟಿಪ್ಪುಸುಲ್ತಾನನು ಅಮೃತಮಹಲ್ ಎಂಬ ಹೆಸರನ್ನಿಟ್ಟನು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಕೊಟ್ಟಿಗೆಯನ್ನು ಕಾಣದೆ ಬಯಲಿನಲ್ಲಿಯೇ ಹುಟ್ಟಿ ಬೆಳೆಯುವ ಈ ದನಗಳಿಗೆಂದು ಸಂಸ್ಥಾನದಾದ್ಯಂತ ಹುಲ್ಲುಗಾವಲುಗಳನ್ನು ಮೀಸಲಿರಿಸಿ, ಅವನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹಸುರೂ ಮರಗಳ ನೆರಳೂ ಇದ್ದ ಕಾವಲುಗಳು ಬೇಸಗೆಯವು. ಮಳೆಯ ಮೇಲೆ ಹುಲ್ಲೇಳುವ ಬಯಲುಗಳು ಮಳೆಗಾಲದವು. ಸೇರ್ವೆಗಾರರು ಹಿಂಡುಗಳನ್ನು ಋತುವಿನಿಂದ ಋತುವಿಗೆ ಒಂದೆಡೆಯಿಂದ ಮತ್ತೊಂದೆಡೆಗೆ ಹೊಡೆದುಕೊಂಡು ಹೋಗುತ್ತಿದ್ದುದರಿಂದ, ಮೇದ ಹುಲ್ಲು ಮತ್ತೆ ಚಿಗಿತು ಬೀಜಕಟ್ಟಿ ಉದುರುವವರೆಗೆ ನೆಲಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಭೂಮಿಯ ಬಳಕೆಯನ್ನು ಕುರಿತು ಇದಕ್ಕಿಂತ ವಿವೇಕದ ಏರ್ಪಾಡನ್ನು ಈ ಒಣಸೀಮೆಗೆ ಯಾರೂ ಇದುವರೆಗೆ ಕೊಟ್ಟಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾವಲೆಂದರೆ ಬೆಂಗಾಡೆಂದು ತಿಳಿಯುವವರು ಹಸ್ತೆಯ ಮಳೆ ಬಿದ್ದ ಮಾರನೆಯ ಬೆಳಗ್ಗೆ ಅದರಲ್ಲಿ ನಡೆದು ನೋಡಬೇಕು. ಮೊಣಕಾಲೆತ್ತರದ ಹುಲ್ಲಿನ ತೆನೆಗಳಲ್ಲಿ ಹನಿಗಳು ನಿಂತಿರುತ್ತವೆ. ಬುಡವನ್ನು ಬಿಡಿಸಿದರೆ ಬೇರುಗಳು ಬಲೆಯಂತೆ ಹೆಣೆದುಕೊಂಡು ಮಣ್ಣಿನ ಒಂದೊಂದು ಹರಳನ್ನೂ ಹಿಡಿದಿರುತ್ತವೆ. ಕಾಲಿಟ್ಟ ಕಡೆ ನೆಲ ಮೆತ್ತಗೆ ತಗ್ಗುತ್ತದೆ, ಕೆಸರಾಗಿ ಜಾರುವುದಿಲ್ಲ. ಹುಲ್ಲಿನ ನಡುವಿನಿಂದ ಇಳಿದುಬರುವ ಸಣ್ಣ ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದರೆ ಅದು ತಿಳಿಯಾಗಿರುತ್ತದೆ. ಪಕ್ಕದಲ್ಲಿಯೇ ಇಳಿಜಾರಿಗೆ ಉತ್ತ ಹೊಲದಿಂದ ಹರಿದ ನೀರನ್ನು ಹಿಡಿದರೆ ಅದು ಕೆಮ್ಮಣ್ಣಿನ ಗಂಜಿ.

ಈ ಎರಡು ಬೊಗಸೆಗಳ ನಡುವಣ ಅಂತರದಲ್ಲಿ ಸಿಂಗಟಗೆರೆಯಂಥ ಊರುಗಳ ಚರಿತ್ರೆಯೆಲ್ಲ ಇದೆ. ಕೆರೆಗೆ ಬರುವ ನೀರು ತಿಳಿಯಾಗಿಯೂ ನಿಧಾನವಾಗಿಯೂ ಬರಬೇಕಾದರೆ ಮೇಲಣ ನೆಲವು ಹುಲ್ಲುಹೊದ್ದಿರಬೇಕು. ಆ ಹೊದಿಕೆ ಹೋದ ದಿನ ಮಳೆಯ ನೀರು ಒಮ್ಮೆಗೇ ನುಗ್ಗಿ, ಮಣ್ಣನ್ನು ಹೊತ್ತು ತಂದು, ಕೆರೆಯ ಹೊಟ್ಟೆಯನ್ನು ಹೂಳಿನಿಂದ ತುಂಬಿಸಿ, ತೂಬಿನ ಬಾಯನ್ನು ಮುಚ್ಚುತ್ತದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆಯ ಸಮಿತಿಯು 2019ರಲ್ಲಿ ಭೂಮಿಯನ್ನು ಕುರಿತು ಪ್ರಕಟಿಸಿದ ವಿಶೇಷ ವರದಿಯ ಪ್ರಕಾರ, ಎಂದಿನಂತೆ ಉತ್ತ ಹೊಲಗಳಲ್ಲಿ ಮಣ್ಣು ಹುಟ್ಟುವ ವೇಗಕ್ಕಿಂತ ಕೊಚ್ಚಿಹೋಗುವ ವೇಗವು ನೂರು ಪಟ್ಟಿಗೂ ಅಧಿಕ. ಹಿಮವಿಲ್ಲದ ಭೂಭಾಗದ ಕಾಲುಪಾಲು ಮನುಷ್ಯನ ಕೈಯಿಂದ ಈಗಾಗಲೇ ಶಿಥಿಲವಾಗಿದೆ. ಬೆಣ್ಣೆ ಚಾವಡಿಯ ಗೋವಳರು ಈ ಲೆಕ್ಕವನ್ನು ಬಲ್ಲವರಲ್ಲ. ಆದರೆ ಅವರು ಕಾಯ್ದ ನೆಲದ ಕೆಳಗೆ ಕೆರೆಗಳು ತುಂಬುತ್ತಿದ್ದವು.

ಏರ್ಪಾಡು ಕೆಟ್ಟದ್ದು ಒಂದೇ ದಿನದಲ್ಲಲ್ಲ. 1860ರಲ್ಲಿ, ಖರ್ಚು ಉಳಿಸಬೇಕೆಂಬ ನೆಪದಿಂದ, ಅಮೃತಮಹಲ್ ಹಿಂಡುಗಳನ್ನೇ ಮಾರಿಬಿಟ್ಟರು. ಒಳ್ಳೆಯ ಎತ್ತುಗಳು ಎಲ್ಲಿಯೂ ದೊರೆಯದಾದಾಗ ತಪ್ಪಿನ ಅರಿವಾಗಿ 1866ರಲ್ಲಿ ಇಲಾಖೆಯನ್ನು ಪುನಃ ಸ್ಥಾಪಿಸಬೇಕಾಯಿತು. 1863ರಲ್ಲಿ ಆರಂಭವಾದ ಕಂದಾಯದ ಅಳತೆಯು ಪ್ರತಿಯೊಂದು ತುಂಡು ನೆಲಕ್ಕೂ ನಂಬರನ್ನು ಕೊಟ್ಟು, ತರಿ, ಖುಷ್ಕಿ, ಬಾಗಾಯತುಗಳೆಂದು ವಿಂಗಡಿಸಿ, ಕಂದಾಯ ಹುಟ್ಟದುದಕ್ಕೆಲ್ಲ ‘ಖರಾಬು’ ಎಂದು ಬರೆದಿಟ್ಟಿತು. ಖರಾಬೆಂದರೆ ಕೆಟ್ಟದ್ದು. ಊರಿನ ದನಕ್ಕೆ ಮೇವನ್ನೂ ಕೆರೆಗೆ ನೀರನ್ನೂ ಕೊಡುತ್ತಿದ್ದ ನೆಲಕ್ಕೆ ದಫ್ತರದಲ್ಲಿ ಬಿದ್ದ ಹೆಸರು ಅದು. ಒಮ್ಮೆ ಕೆಟ್ಟದ್ದೆಂದು ಬರೆದುದನ್ನು ಕಿತ್ತು ಹಂಚುವುದಕ್ಕೆ ಯಾರ ಮನಸ್ಸೂ ಅಳುಕಲಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಜನವೂ ದನವೂ ನೆಲಕಚ್ಚಿದವು: 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಬದುಕುಳಿದವರು ಅನ್ನಕ್ಕಾಗಿ ಇನ್ನಷ್ಟು ನೆಲವನ್ನು ಒಡೆದರೆ ಅವರನ್ನು ದೂಷಿಸುವುದಾದರೂ ಹೇಗೆ?

1911ರ ಕೆರೆ ಪಂಚಾಯತಿ ಕಾನೂನು ಹಳೆಯ ಹೊಣೆಯನ್ನು ಹಳ್ಳಿಗರ ಕೈಗೆ ಹಿಂದಿರುಗಿಸಲು ಯತ್ನಿಸಿತು. 1923ರಲ್ಲಿ ಅಮೃತಮಹಲ್ ಕೃಷಿ ಇಲಾಖೆಗೆ ಸೇರಿ, 1929ರಲ್ಲಿ ಅಜ್ಜಂಪುರದ ತಳಿಸಂವರ್ಧನ ಕೇಂದ್ರ ಸ್ಥಾಪಿತವಾಯಿತು. ಹೀಗೆ ತಳಿಯೇನೋ ಉಳಿಯಿತು, ನೆಲ ಮಾತ್ರ ಜಾರುತ್ತ ಹೋಯಿತು. ಸ್ವಾತಂತ್ರ್ಯಾನಂತರ ಸಾಗುವಳಿಗೆಂದು, ನಿವೇಶನಕ್ಕೆಂದು, ಹಸುರಿನ ಹೆಸರಿನಲ್ಲಿಯೇ ನೀಲಗಿರಿಯ ನೆಡುತೋಪುಗಳಿಗೆಂದು ಕಾವಲುಗಳು ತುಂಡುತುಂಡಾದವು. ಇದೇ ವೇದಾವತಿಯ ಕೆಳಜಾಡಿನಲ್ಲಿ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ, 2007ರಿಂದೀಚೆಗೆ ಒಂಬತ್ತು ಸಾವಿರ ಎಕರೆಗೂ ಮಿಕ್ಕಿದ ಹುಲ್ಲುಗಾವಲು ರಕ್ಷಣೆ, ಅಣುಶಕ್ತಿ, ವಿಜ್ಞಾನಗಳ ಸಂಸ್ಥೆಗಳ ಪಾಲಾದುದೂ, ಕುರುಬರೂ ದನಗಾಹಿಗಳೂ ಹಸುರು ನ್ಯಾಯಮಂಡಳಿಯ ಮುಂದೆ ನಿಂತುದೂ ಎಲ್ಲರೂ ಅರಿತದ್ದೇ.

ನೇಗಿಲಿನ ಬೆನ್ನಿಗೇ ಕೊಳವೆಬಾವಿ ಬಂದಿತು. ಕೆರೆ ಬತ್ತಿದರೇನು, ಪಾತಾಳಗಂಗೆಯಿದೆಯೆಂಬ ಭರವಸೆಯಿಂದ ರಾಗಿ, ಹುರುಳಿ, ಎಳ್ಳುಗಳ ಹೊಲಗಳಲ್ಲಿ ತೆಂಗು ಅಡಕೆಗಳ ತೋಟಗಳೆದ್ದವು. ಆ ನೀರು ಯಾವ ಕೆರೆಯಿಂದ, ಯಾವ ಹುಲ್ಲಿನ ಬುಡದಿಂದ ಇಂಗಿ ಇಳಿದದ್ದೆಂದು ವಿಚಾರಿಸಿದವರು ಕಡಮೆ. ಸಾವಿರ ಅಡಿಯ ಮಾತು ಈಗ ಯಾರನ್ನೂ ಬೆಚ್ಚಿಸದು. 2016, 17ರ ಸತತ ಬರದಲ್ಲಿ ಈ ಸೀಮೆಯ ತೆಂಗಿನ ಮರಗಳು ಸತ್ತ ಬಗೆಯನ್ನು ಕಂಡವರು ಇದ್ದಾರೆ. ಮೊದಲು ಹೊರಸುತ್ತಿನ ಗರಿಗಳು ಕಂದಿ ಕಾಂಡಕ್ಕೆ ಜೋತುಬೀಳುತ್ತವೆ. ಹೊಂಬಾಳೆ ಅರಳದೆ ಒಣಗುತ್ತದೆ. ಕಾಯಿ ಮುಷ್ಟಿಯಷ್ಟಕ್ಕೆ ನಿಲ್ಲುತ್ತದೆ. ಕೊನೆಗೆ ಸುಳಿಯೇ ಮುರಿದು ಬಿದ್ದು, ನಲವತ್ತು ವರ್ಷ ಮಗನಂತೆ ಸಾಕಿದ ಮರ ಬೋಳುಗಂಬವಾಗಿ ನಿಲ್ಲುತ್ತದೆ. ರೈತನು ಅದನ್ನು ಕಡಿಯಲೂ ಆರ, ನೋಡಲೂ ಆರ.

ಈಗ ಭದ್ರಾ ಮೇಲ್ದಂಡೆಯ ನೀರಿನ ಆಸೆ ಹುಟ್ಟಿದೆ. ಭದ್ರೆಯಿಂದ 29.9 ಟಿಎಂಸಿ ನೀರನ್ನೆತ್ತಿ, ಅಜ್ಜಂಪುರದ ಬಳಿ ಗುಡ್ಡವನ್ನು ಕೊರೆದ ಸುರಂಗದ ಮೂಲಕ ಹಾಯಿಸಿ, ನಾಲ್ಕು ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ಹನಿ ನೀರಾವರಿಯನ್ನು ಒದಗಿಸುವ ಯೋಜನೆಯಿದು. 1907ರಲ್ಲಿ ಪೂರ್ಣಗೊಂಡು, 1933ರಲ್ಲಿ ಒಮ್ಮೆ ಕೋಡಿಬಿದ್ದ, ವೇದಾವತಿಯ ಜಲಾಶಯವಾದ ವಾಣಿವಿಲಾಸ ಸಾಗರವು, ಆ ನೀರಿನ ನೆರವೂ ಭಾರಿ ಮಳೆಯೂ ಕೂಡಿಬಂದು, 2022ರಲ್ಲಿ ಎಂಬತ್ತೊಂಬತ್ತು ವರ್ಷಗಳ ತರುವಾಯ ಮರಳಿ ಕೋಡಿಬಿದ್ದಾಗ ಜನ ಬಾಗಿನ ಅರ್ಪಿಸಿ ಕಣ್ಣೊರಸಿಕೊಂಡರು. ಆ ಸಂತೋಷ ನನ್ನದೂ ಹೌದು. ಆದರೆ ನಾಲೆಯಲ್ಲಿ ಬಂದ ನೀರೂ ಕಡೆಗೆ ಕೆರೆಯಲ್ಲಿಯೇ ನಿಲ್ಲಬೇಕು. ಹೂಳು ತುಂಬಿದ ಕೆರೆ ಭದ್ರೆಯ ನೀರನ್ನು ಹೆಚ್ಚು ಹಿಡಿಯುವುದಿಲ್ಲ. ಮೇಲಣ ಹುಲ್ಲು ಹೋದ ಕೆರೆಯ ಹೂಳನ್ನು ಎಷ್ಟು ಸಲ ಎತ್ತಿದರೂ ಮುಗಿಯುವುದಿಲ್ಲ. ಮಳೆಯು ದಿನಗಳಲ್ಲಿ ಕಡಮೆಯಾಗಿ ರಭಸದಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ ಹುಲ್ಲಿನ ಹೊದಿಕೆಯ ಅಗತ್ಯ ಹಿಂದೆಂದಿಗಿಂತಲೂ ಹೆಚ್ಚಾಗಿದೆ.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಕೃಷ್ಣಮೃಗಗಳ ಹಿಂಡುಗಳೂ ತೋಳಗಳೂ ಅಲ್ಲಿ ಇನ್ನೂ ಇವೆ. ಹುಲ್ಲು ಇನ್ನೂ ಏಳುತ್ತದೆ. ಅಷ್ಟು ನೆಲಕ್ಕೆ ಸಾಧ್ಯವಾದುದು ಉಳಿದ ತುಂಡುಗಳಿಗೂ ಸಾಧ್ಯವಾಗಬೇಕು. ಸಿಂಗಟಗೆರೆಯ ಸೀಮೆಯ ಗ್ರಾಮಸಭೆಗಳಲ್ಲಿ ಕುಳಿತುಕೊಳ್ಳುವ ಹಿರಿಯರಲ್ಲಿಯೂ ತರುಣರಲ್ಲಿಯೂ ನನ್ನ ಬಿನ್ನಹವಿಷ್ಟೆ: ಗೋಮಾಳವನ್ನೋ ಕಾವಲನ್ನೋ ಬೇರೊಂದು ಕೆಲಸಕ್ಕೆ ಕೊಡಬೇಕೆಂಬ ಕಾಗದ ನಿಮ್ಮ ಮುಂದೆ ಬಂದಾಗ, ಸಹಿ ಹಾಕುವುದಕ್ಕೆ ಮೊದಲು, ಆ ನೆಲದ ಮೇಲೆ ಬಿದ್ದ ಮಳೆ ಯಾವ ಕೆರೆಗೆ ಇಳಿಯುತ್ತದೆಂದು ಒಮ್ಮೆ ನಡೆದುಹೋಗಿ ನೋಡಿಬನ್ನಿ.