ಬೈಕ್ ಹ್ಯಾಂಡಲ್ ಇಳಿಸುವ ಮುನ್ನ: ಕ್ಲಿಪ್ ಆನ್, ಕೇಬಲ್, ಕಾನೂನು, ಘಾಟಿ ಸವಾರರಿಗೆ ಗೊತ್ತಿರಬೇಕಾದ ಸಂಗತಿಗಳು

ಚಿಕ್ಕಮಗಳೂರು: ವಾರಾಂತ್ಯ ಬಂತೆಂದರೆ ಕೈಮರದಿಂದ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ ಕಡೆಗೆ ಬೈಕ್‌ಗಳ ಸಾಲು ಶುರು. ಆ ಸಾಲಿನಲ್ಲಿ ಹ್ಯಾಂಡಲ್ ಇಳಿಸಿಕೊಂಡ ಗಾಡಿಗಳೂ ಕಾಣುತ್ತವೆ. ಹಳೇ ಆರ್‌ಎಕ್ಸ್ 100 ಇರಲಿ, ಸ್ಪ್ಲೆಂಡರ್ ಇರಲಿ, ಬುಲೆಟ್ ಇರಲಿ, ಮಾಮೂಲಿ ಎತ್ತರದ ಹ್ಯಾಂಡಲ್ ತೆಗೆಸಿ ಗಿಡ್ಡ ಹ್ಯಾಂಡಲ್ ಹಾಕಿಸಿ, ಟ್ಯಾಂಕ್ ಮೇಲೆ ಬಾಗಿ ಓಡಿಸುವ ಆಸೆ ಬಹಳ ಹುಡುಗರಿಗೆ ಇದೆ. ಗ್ಯಾರೇಜಿನಲ್ಲಿ ಅರ್ಧ ದಿನದ ಕೆಲಸ. ಆದರೆ ಬದಲಾಗುವುದು ಹ್ಯಾಂಡಲ್ ಒಂದೇ ಅಲ್ಲ. ಕ್ಲಚ್ ಕೇಬಲ್, ಬ್ರೇಕ್ ಹೋಸ್, ಬೈಕ್ ತಿರುಗುವ ಅಳತೆ, ಸವಾರನ ಮಣಿಕಟ್ಟಿನ ಮೇಲೆ ಬೀಳುವ ಭಾರ ಎಲ್ಲವೂ ಅದರ ಜೊತೆಗೇ ಬದಲಾಗುತ್ತವೆ. ಸಪಾಟು ರಸ್ತೆಯಲ್ಲಿ ಇದರ ದೋಷ ಗೊತ್ತಾಗದೇ ಹೋಗಬಹುದು, ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಗೊತ್ತಾಗುತ್ತದೆ.

ಈ ಶೈಲಿ ಬಂದದ್ದು ಇಂಗ್ಲೆಂಡಿನಿಂದ. 1950, 60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದ ಹುಡುಗರು ರೇಸ್ ಬೈಕ್‌ಗಳನ್ನು ನೋಡಿ ತಮ್ಮ ಗಾಡಿಗಳಿಗೂ ಗಿಡ್ಡ ಹ್ಯಾಂಡಲ್ ಹಾಕಿಸಿಕೊಂಡರು. ಕೆಫೆ ರೇಸರ್ ಎಂಬ ಹೆಸರು ಹುಟ್ಟಿದ್ದೇ ಹಾಗೆ. ಅವರಿಗೆ ಬೇಕಿದ್ದದ್ದು ಸ್ಪೀಡು. ಜೋರಾಗಿ ಹೋಗುವಾಗ ಎದುರುಗಾಳಿ ಎದೆಗೆ ತಳ್ಳುತ್ತದೆ, ಬಾಗಿದರೆ ಗಾಳಿಯ ಅಡ್ಡಿ ಕಡಿಮೆ. ಅದೇ ಗಾಳಿ ಸವಾರನ ಮೈಭಾರವನ್ನೂ ಸ್ವಲ್ಪ ಎತ್ತಿ ಹಿಡಿಯುವುದರಿಂದ ಕೈಗೆ ಆರಾಮ. ನಮ್ಮ ಕಡೆ ಹಂಪು, ಗುಂಡಿ, ತಿರುವುಗಳ ನಡುವೆ ನಲವತ್ತು ಐವತ್ತರ ವೇಗದಲ್ಲಿ ಹೋಗುವಾಗ ಎದೆಗೆ ಆಸರೆ ಕೊಡುವಷ್ಟು ಗಾಳಿ ಸಿಗೋದಿಲ್ಲ. ಮೈಭಾರ ನೇರ ಅಂಗೈಗೆ ಬರುತ್ತದೆ.

ಕಂಪನಿಯವರೇ ಹೇಗೆ ಮಾಡುತ್ತಾರೆ?

ಇದಕ್ಕೆ ಒಳ್ಳೇ ಉದಾಹರಣೆ 2018ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್‌ನ ಎರಡು 650 ಬೈಕ್‌ಗಳು. ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿ, ಎರಡಕ್ಕೂ ಒಂದೇ 648 ಸಿಸಿ ಎಂಜಿನ್. ಇಂಟರ್‌ಸೆಪ್ಟರ್‌ಗೆ ಅಗಲವಾದ ಎತ್ತರದ ಹ್ಯಾಂಡಲ್, ಜಿಟಿಗೆ ಕ್ಲಿಪ್ ಆನ್. ಆದರೆ ಜಿಟಿಯಲ್ಲಿ ಹ್ಯಾಂಡಲ್ ಇಳಿಸಿ ಅಷ್ಟಕ್ಕೇ ಬಿಟ್ಟಿಲ್ಲ, ಫುಟ್‌ರೆಸ್ಟನ್ನೂ ಹಿಂದಕ್ಕೆ ಸರಿಸಿದ್ದಾರೆ, ಟ್ಯಾಂಕಿನ ಆಕಾರವನ್ನೂ ಬದಲಿಸಿದ್ದಾರೆ. ಯಮಹಾದ ಎಂಟಿ 15 ಮತ್ತು ಆರ್ 15 ಪಕ್ಕಪಕ್ಕ ನಿಲ್ಲಿಸಿ ನೋಡಿದರೂ ಇದೇ ಕಾಣುತ್ತದೆ. 155 ಸಿಸಿಯ ಒಂದೇ ಬಗೆಯ ಎಂಜಿನ್, ಕೂರುವ ಭಂಗಿ ಮಾತ್ರ ಪೂರ್ತಿ ಬೇರೆ.

ಕೈ ಮುಂದಕ್ಕೆ, ಕೆಳಕ್ಕೆ ಹೋದರೆ ಕಾಲು ಹಿಂದಕ್ಕೆ ಬರಬೇಕು. ಆಗ ಸೊಂಟದಿಂದ ಬಾಗಬಹುದು, ತೊಡೆಯಿಂದ ಟ್ಯಾಂಕ್ ಹಿಡಿದು ಭಾರ ತಡೆಯಬಹುದು. ಫುಟ್‌ರೆಸ್ಟ್ ಮುಂದೆಯೇ ಇದ್ದು ಹ್ಯಾಂಡಲ್ ಮಾತ್ರ ಇಳಿದರೆ ಬೆನ್ನು ಬಿಲ್ಲಿನ ಹಾಗೆ ಬಗ್ಗುತ್ತದೆ, ಕತ್ತು ಮಾತ್ರ ಮೇಲೆತ್ತಿರಬೇಕಾಗುತ್ತದೆ, ಅದೂ ಹೆಲ್ಮೆಟ್ ಭಾರ ಹೊತ್ತು. ಇಪ್ಪತ್ತು ಕಿಲೋಮೀಟರ್ ಆದಮೇಲೆ ಕೈ ಜೋಮು ಹಿಡಿಯೋದು ಇದರಿಂದಲೇ. ಕಿರುಬೆರಳು, ಉಂಗುರ ಬೆರಳು ಜುಮ್ ಅನ್ನುತ್ತಿದ್ದರೆ ಅಂಗೈಯ ಹೊರ ಅಂಚಿನ ನರ ಒತ್ತಿಹೋಗುತ್ತಿದೆ ಎಂದರ್ಥ. ಗ್ಲೌಸ್ ಬದಲಿಸಿದರೆ ಅದು ಸರಿಹೋಗುವುದಿಲ್ಲ, ಭಂಗಿ ಬದಲಿಸಬೇಕು.

ಇಳಿಸುವ ದಾರಿಗಳು

ಮೊದಲು ಖರ್ಚಿಲ್ಲದ ದಾರಿ. ಈಗಿರುವ ಹ್ಯಾಂಡಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಹ್ಯಾಂಡಲನ್ನು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ತಿರುಗಿಸಿ ನೋಡಬಹುದು. ಕೆಲವು ಬೈಕ್‌ಗಳಲ್ಲಿ ಕ್ಲಾಂಪ್ ಕೆಳಗೆ ಎತ್ತರಿಸುವ ರೈಸರ್ ಇರುತ್ತದೆ, ಅದನ್ನು ತೆಗೆದರೂ ಇಳಿಯುತ್ತದೆ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಣ್ಣಿಗೆ ಏನೂ ಅನ್ನಿಸದಿದ್ದರೂ ಮೈಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಬಹಳ ಜನಕ್ಕೆ ಇಷ್ಟೇ ಸಾಕಾಗಬಹುದು, ಆದರೆ ಇದರಲ್ಲಿ 'ಲುಕ್' ಬರೋದಿಲ್ಲ ಅಂತ ಯಾರೂ ಪ್ರಯತ್ನ ಮಾಡೋದೇ ಇಲ್ಲ.

ಎರಡನೆಯದು ಇಡೀ ಹ್ಯಾಂಡಲ್ ಬದಲಿಸುವುದು. ಸಪಾಟಾದ ಡ್ರ್ಯಾಗ್ ಬಾರ್, ಇಲ್ಲವೇ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗುವ ಕ್ಲಬ್‌ಮನ್ ಬಾರ್. ಇವು ಇರುವ ಕ್ಲಾಂಪಿಗೇ ಕೂರುತ್ತವೆ. ಸಾಮಾನ್ಯ ಬೈಕ್‌ಗಳ ಹ್ಯಾಂಡಲ್ ಪೈಪು 22 ಮಿಲಿಮೀಟರ್ ದಪ್ಪ. ಕೆಲವು ದೊಡ್ಡ ಬೈಕ್‌ಗಳಲ್ಲಿ ಕ್ಲಾಂಪ್ ಹಿಡಿಯುವ ಜಾಗದಲ್ಲಿ 28 ಮಿಲಿಮೀಟರಿಗಿಂತ ತುಸು ಹೆಚ್ಚಿರುತ್ತದೆ. ಅದಕ್ಕೆ 22ರ ಬಾರ್ ತಂದು ತಗಡು ಸುತ್ತಿ ಬಿಗಿ ಮಾಡುವುದು ಅಪಾಯ.

ಮೂರನೆಯದು ಕ್ಲಿಪ್ ಆನ್. ಇದರಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ತುಂಡು, ನೇರ ಫೋರ್ಕ್ ಪೈಪಿಗೇ ಹಿಡಿದುಕೊಳ್ಳುತ್ತವೆ. ಇಲ್ಲಿ ಅಳತೆ ಮುಖ್ಯ. ಫೋರ್ಕ್ ಪೈಪಿನ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ನೋಡಿ ಅದೇ ಸೈಜಿನದ್ದನ್ನೇ ತರಬೇಕು. ಕಾಂಟಿನೆಂಟಲ್ ಜಿಟಿ 650ಯ ಫೋರ್ಕ್ 41 ಮಿಲಿಮೀಟರ್, ಸಣ್ಣ ಬೈಕ್‌ಗಳದ್ದು ಅದಕ್ಕಿಂತ ಎಷ್ಟೋ ಸಣ್ಣದು. ಒಂದು ಮಿಲಿಮೀಟರ್ ದೊಡ್ಡದಿದ್ದರೂ ಬೋಲ್ಟ್ ಎಷ್ಟು ಬಿಗಿದರೂ ಹಿಡಿತ ಬರೋದಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಇಡೀ ಮೈಭಾರ ಆ ತುಂಡಿನ ಮೇಲೆ ಬೀಳುತ್ತದೆ, ಅದು ಆಗಲೇ ತಿರುಗುವುದು.

ಕ್ಲಿಪ್ ಆನ್‌ಗೆ ಮೇಲೆ ಜಾಗ ಸಿಗಲಿ ಅಂತ ಫೋರ್ಕ್ ಪೈಪನ್ನೇ ಟೀಯಿಂದ ಮೇಲಕ್ಕೆ ಎಳೆದು ಕೂರಿಸುವವರಿದ್ದಾರೆ. ಇದರಿಂದ ಬೈಕಿನ ಮುಂಭಾಗ ಕೆಳಗಿಳಿಯುತ್ತದೆ. ತಿರುಗಿಸೋದು ಚುರುಕಾಗುತ್ತದೆ ನಿಜ, ಆದರೆ ನೇರ ಹೋಗುವಾಗಿನ ಸ್ಥಿರತೆ ಕಡಿಮೆಯಾಗುತ್ತದೆ. ಗುಂಡಿಗೆ ಬಿದ್ದು ಫೋರ್ಕ್ ಪೂರ್ತಿ ಕುಗ್ಗಿದಾಗ ಮಡ್‌ಗಾರ್ಡ್ ಹೋಗಿ ಕೆಳಗಿನ ಟೀಗೆ ತಾಗುವ ಅಪಾಯವೂ ಇದೆ.

ನಾಲ್ಕನೆಯ ದಾರಿಯೊಂದು ಹಳ್ಳಿ ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಇರುವ ಹ್ಯಾಂಡಲನ್ನೇ ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಮಾಡಿಸುವುದು. ಇದನ್ನು ಮಾಡಿಸಲೇಬಾರದು. ತೆಳು ಪೈಪಿಗೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದ ಲೋಹ ದುರ್ಬಲವಾಗುತ್ತದೆ. ಎಂಜಿನ್ ಕಂಪನಕ್ಕೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗಿ, ಮೇಲೆ ಬಳಿದ ಪೇಂಟಿನ ಅಡಿಯಲ್ಲಿ ಕಾಣದ ಹಾಗೆ ಬೆಳೆಯುತ್ತದೆ. ಮುರಿಯುವುದು ಭಾರ ಹೆಚ್ಚು ಬಿದ್ದಾಗ, ಅಂದರೆ ಬ್ರೇಕ್ ಹಿಡಿದಾಗ ಅಥವಾ ಗುಂಡಿಗೆ ಬಿದ್ದಾಗ.

ಟ್ಯಾಂಕ್ ಮತ್ತು ಬೆರಳಿನ ನಡುವಿನ ಜಾಗ

ಹೊಸ ಹ್ಯಾಂಡಲ್ ಕೂರಿಸಿದ ಮೇಲೆ ಮೊದಲು ನೋಡಬೇಕಾದ್ದು ಇದು. ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಬಲಗೈ ಹಿಂದಕ್ಕೆ, ಟ್ಯಾಂಕಿನ ಕಡೆಗೆ ಬರುತ್ತದೆ. ಹ್ಯಾಂಡಲ್ ಕೆಳಗಿದ್ದರೆ ಹೆಬ್ಬೆರಳು ಟ್ಯಾಂಕಿಗೂ ಹಿಡಿಕೆಗೂ ನಡುವೆ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಳ್ಳುವುದು ಆಕ್ಸಿಲರೇಟರ್ ಕೈ ಎಂಬುದನ್ನು ಮರೆಯಬಾರದು. ಎಡಕ್ಕೆ ತಿರುಗಿಸಿದರೆ ಕ್ಲಚ್ ಕೈಗೆ ಇದೇ ಗತಿ. ಎಡ ತಿರುವಿನಲ್ಲಿ ಬೈಕ್ ತಾನಾಗೇ ಹಾರ್ನ್ ಹೊಡೆದರೆ ಸ್ವಿಚ್ಚು ಟ್ಯಾಂಕಿಗೆ ಒತ್ತುತ್ತಿದೆ ಎಂದು ತಿಳಿಯಬೇಕು. ನಗು ಬರಿಸುವ ಸಂಗತಿ, ಆದರೆ ಒಳ್ಳೇ ಎಚ್ಚರಿಕೆ. ಈ ಪರೀಕ್ಷೆ ಮಾಡುವಾಗ ಕೈಯಲ್ಲಿ ಗ್ಲೌಸ್ ಇರಬೇಕು. ಮಳೆಗಾಲದ ದಪ್ಪ ಗ್ಲೌಸ್ ಆದರೆ ಇನ್ನೂ ವಾಸಿ.

ಜಾಗ ಸಾಲದಿದ್ದರೆ ಕೆಲವರು ಸ್ಟೀರಿಂಗ್ ಸ್ಟಾಪರ್‌ಗೆ ಬೋಲ್ಟೋ ತುಂಡು ಕಬ್ಬಿಣವೋ ಬೆಸೆದು ಹ್ಯಾಂಡಲ್ ಅಷ್ಟು ತಿರುಗದ ಹಾಗೆ ಮಾಡಿಸುತ್ತಾರೆ. ಟ್ಯಾಂಕಿಗೆ ಗೀರು ಬೀಳೋದು ತಪ್ಪುತ್ತದೆ, ಆದರೆ ಬೈಕ್ ತಿರುಗಲು ಹೆಚ್ಚು ಜಾಗ ಬೇಕಾಗುತ್ತದೆ. ಪೇಟೆಯಲ್ಲಿ ಇದು ಯೂ ಟರ್ನ್ ಸಮಸ್ಯೆ, ಅಷ್ಟೇ. ಘಾಟಿಯ ಕಡಿದಾದ ತಿರುವಿನಲ್ಲಿ ಹಾಗಲ್ಲ. ನಿಧಾನವಾಗಿ ಏರುವಾಗ ಹ್ಯಾಂಡಲ್ ಅರ್ಧಕ್ಕೇ ನಿಂತರೆ ಬೈಕ್ ತನ್ನ ಬದಿ ಬಿಟ್ಟು ಎದುರಿನ ಬದಿಗೆ ಹೋಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವ ರಸ್ತೆಯಲ್ಲಿ ಆ ಬದಿಯಲ್ಲಿ ಬರುವುದು ಬಸ್ಸು.

ಇಳಿಜಾರಿನದ್ದು ಇನ್ನೊಂದು ಲೆಕ್ಕ. ಕೆಳಗಿಳಿಯುವಾಗ ಮೈ ಸೀಟಿನ ಮೇಲೆ ಮುಂದಕ್ಕೆ ಜಾರುತ್ತದೆ, ಬ್ರೇಕ್ ಹಿಡಿದಾಗಲೆಲ್ಲ ಇನ್ನಷ್ಟು. ಹ್ಯಾಂಡಲ್ ಕೆಳಗಿದ್ದಷ್ಟೂ ಆ ಭಾರ ಕೈಗೆ. ಬ್ರೇಕ್ ಲಿವರ್ ಒತ್ತಬೇಕಾದ ಬೆರಳುಗಳೇ ಮೈಯನ್ನೂ ತಡೆದು ಹಿಡಿಯಬೇಕಾಗುತ್ತದೆ. ಘಾಟಿ ಇಳಿದು ಮುಗಿಸುವ ಹೊತ್ತಿಗೆ ಬೆರಳಿನಲ್ಲಿ ಶಕ್ತಿ ಉಳಿದಿರೋದಿಲ್ಲ. ಜೊತೆಗೆ ಗಿಡ್ಡ ಹ್ಯಾಂಡಲ್ ಅಗಲದಲ್ಲೂ ಕಡಿಮೆ ಇರುವುದರಿಂದ ನಿಧಾನ ವೇಗದಲ್ಲಿ ತಿರುಗಿಸಲು ಹೆಚ್ಚು ಬಲ ಹಾಕಬೇಕು.

ಕೇಬಲ್, ಹೋಸ್, ಸ್ವಿಚ್ಚು

ಹ್ಯಾಂಡಲ್ ಎತ್ತರಿಸಿದರೆ ಕೇಬಲ್ ಸಾಲೋದಿಲ್ಲ, ಇಳಿಸಿದರೆ ಹೆಚ್ಚಾಗುತ್ತದೆ. ಹೆಚ್ಚಾಯಿತಲ್ಲ, ಒಳ್ಳೇದೇ ಅಂದುಕೊಳ್ಳೋದು ತಪ್ಪು. ಉಳಿದ ಉದ್ದ ಎಲ್ಲೋ ಒಂದು ಕಡೆ ಸುತ್ತಿಕೊಂಡು ಮಡಚುತ್ತದೆ. ಕ್ಲಚ್ ಗಟ್ಟಿಯಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ತಟ್ಟನೆ ವಾಪಸ್ ಬರೋದಿಲ್ಲ. ಹೊರಗೆ ಚಾಚಿದ ಕೇಬಲನ್ನು ಟ್ಯಾಗ್ ಹಾಕಿ ಫೋರ್ಕ್‌ಗೆ ಬಿಗಿದು ಕಟ್ಟಿದರಂತೂ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಎಳೆಯುತ್ತದೆ.

ಇದಕ್ಕೊಂದು ಸರಳ ಪರೀಕ್ಷೆ ಇದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಹ್ಯಾಂಡಲನ್ನು ಪೂರ್ತಿ ಎಡದಿಂದ ಪೂರ್ತಿ ಬಲದವರೆಗೆ ನಿಧಾನವಾಗಿ ತಿರುಗಿಸಬೇಕು. ಎಂಜಿನ್ ಶಬ್ದ ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ಎಳೆಯುತ್ತಿದೆ, ಆ ಬೈಕನ್ನು ಗ್ಯಾರೇಜಿನಿಂದ ಹೊರಗೆ ತರುವ ಹಾಗಿಲ್ಲ.

ಆರ್‌ಎಕ್ಸ್ 100ರಂಥ ಹಳೇ ಗಾಡಿಗಳಲ್ಲಿ ಮುಂದೆ ಡ್ರಮ್ ಬ್ರೇಕ್, ಎಲ್ಲ ಕೇಬಲ್ ಮೇಲೆ. ಹಾಗಾಗಿ ಕೆಲಸ ಸುಲಭ. ಡಿಸ್ಕ್ ಬ್ರೇಕ್ ಇದ್ದರೆ ಬ್ರೇಕ್ ಆಯಿಲ್ ಹೋಸ್ ನೋಡಬೇಕು. ಫೋರ್ಕ್ ಪೂರ್ತಿ ಮೇಲಿದ್ದಾಗ, ಪೂರ್ತಿ ಕುಗ್ಗಿದಾಗ, ಎರಡೂ ಕಡೆ ತಿರುಗಿಸಿದಾಗ ಹೋಸ್ ಎಲ್ಲೂ ಉಜ್ಜಬಾರದು, ಮಡಚಬಾರದು, ಟೀ ಮತ್ತು ಫ್ರೇಮಿನ ನಡುವೆ ಸಿಕ್ಕಬಾರದು. ಹೋಸಿನ ದಿಕ್ಕು ಬದಲಿಸಲು ಬ್ಯಾಂಜೋ ಬೋಲ್ಟ್ ಬಿಚ್ಚಿದರೆ ವಾಷರ್ ಹೊಸದೇ ಹಾಕಬೇಕು, ಆಮೇಲೆ ಏರ್ ತೆಗೆಸಬೇಕು. ಎಬಿಎಸ್ ಇರುವ ಬೈಕ್ ಆದರೆ ಈ ಕೆಲಸವನ್ನು ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸುವುದು ಮೇಲು, ಕೆಲವು ಮಾಡೆಲ್‌ಗಳಲ್ಲಿ ಏರ್ ತೆಗೆಯಲು ಸ್ಕ್ಯಾನರ್ ಬೇಕಾಗುತ್ತದೆ. ಮಾಸ್ಟರ್ ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿ ಹೆಚ್ಚು ಓರೆಯಾಗಿ ಕೂರಬಾರದು. ಆಯಿಲ್ ಕಡಿಮೆ ಇದ್ದು ಡಬ್ಬಿ ಓರೆಯಾಗಿದ್ದರೆ ಲೈನಿಗೆ ಗಾಳಿ ಹೋಗಿ ಲಿವರ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಟ್ಯಾಂಕಿಗೆ ಬಿದ್ದರೆ ಪೇಂಟ್ ಏಳುತ್ತದೆ, ಬಟ್ಟೆ ಮುಚ್ಚಿಕೊಂಡೇ ಕೆಲಸ ಮಾಡಬೇಕು.

ಸ್ವಿಚ್ ಬಾಕ್ಸಿನ ಒಳಗೆ ಒಂದು ಸಣ್ಣ ಮೊಳೆಯಂಥದ್ದು ಇರುತ್ತದೆ. ಹ್ಯಾಂಡಲಿನ ತೂತಿಗೆ ಅದು ಕೂತರೆ ಸ್ವಿಚ್ಚು ತಿರುಗೋದಿಲ್ಲ. ಹೊರಗಿನ ಹ್ಯಾಂಡಲ್‌ಗಳಲ್ಲಿ ಆ ತೂತು ಹೆಚ್ಚಾಗಿ ಇರುವುದಿಲ್ಲ. ಸರಿಯಾದ ಜಾಗ ಗುರುತು ಮಾಡಿ ಒಂದು ಸಣ್ಣ ತೂತು ಕೊರೆಯುವ ಬದಲು ಆ ಮೊಳೆಯನ್ನೇ ಒಡೆದು ಹಾಕುವ ಮೆಕ್ಯಾನಿಕ್‌ಗಳಿದ್ದಾರೆ. ಆಮೇಲೆ ಆಕ್ಸಿಲರೇಟರ್ ತಿರುಗಿಸಿದರೆ ಇಡೀ ಸ್ವಿಚ್ ಬಾಕ್ಸೇ ತಿರುಗುತ್ತದೆ. ಲಿವರ್‌ಗಳನ್ನು ಮುಂಗೈಯ ನೇರಕ್ಕೆ ಬರುವ ಹಾಗೆ ಕೂರಿಸಬೇಕು, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮಡಚಬಾರದು. ಕ್ಲಾಂಪ್ ಬೋಲ್ಟ್‌ಗಳನ್ನು ಆ ಬೈಕಿನ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದು, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹ್ಯಾಂಡಲ್ ಬಗ್ಗೆ ಆರ್‌ಸಿಯಲ್ಲಿ ಪ್ರತ್ಯೇಕ ಕಾಲಂ ಇಲ್ಲ ಎಂಬ ವಾದ ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಕಾಲಂ ಇಲ್ಲದ್ದು ನಿಜ, ಆದರೆ ರಸ್ತೆಯಲ್ಲಿ ತಪಾಸಣೆ ಮಾಡುವವರು ಆ ವಾದವನ್ನು ಒಪ್ಪುತ್ತಾರೆಂಬ ಭರವಸೆ ಇಲ್ಲ. ಫೋರ್ಕ್ ಎಳೆದದ್ದು, ಸ್ಟಾಪರ್‌ಗೆ ಬೆಸುಗೆ ಹಾಕಿದ್ದು, ಫ್ರೇಮ್ ಕತ್ತರಿಸಿದ್ದಾದರೆ ಸಮರ್ಥನೆಗೆ ದಾರಿಯೇ ಇಲ್ಲ. ಗಿಡ್ಡ ಹ್ಯಾಂಡಲ್ ಹಾಕಿಸಿದವರು ಕನ್ನಡಿ ಬಿಚ್ಚಿಡುವುದೂ ಮಾಮೂಲಿ, ಅದು ಬೇರೆಯದೇ ತಪ್ಪು. ಹ್ಯಾಂಡಲ್ ತುದಿಗೆ ಕೂರುವ ಕನ್ನಡಿಗಳು ಸಿಗುತ್ತವೆ. ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿರದಿದ್ದರೆ ಅಪಘಾತವಾದಾಗ ಕ್ಲೇಮ್‌ಗೆ ತಕರಾರು ಬರಬಹುದು.

ಬಿಚ್ಚಿದ ಹಳೇ ಹ್ಯಾಂಡಲ್, ಕ್ಲಾಂಪ್, ಬೋಲ್ಟ್, ಕೇಬಲ್‌ಗಳನ್ನು ಗುಜರಿಗೆ ಹಾಕದೆ ಒಂದು ಚೀಲದಲ್ಲಿ ಕಟ್ಟಿಡಬೇಕು. ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಗಾಡಿ ತೋರಿಸಿ ನವೀಕರಿಸಬೇಕು. ಆರ್‌ಎಕ್ಸ್ 100, ಹಳೇ ಯೆಜ್ಡಿ ಇಟ್ಟುಕೊಂಡವರೆಲ್ಲ ಈ ಸಾಲಿನಲ್ಲೇ ಇದ್ದಾರೆ. ಆ ದಿನ ಕಂಪನಿ ಹ್ಯಾಂಡಲ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.