ಕ್ಯಾಸಿನೊ ಪ್ರಚಾರ ಕೂಪನ್

ಕ್ಯಾಸಿನೊ ಪ್ರಚಾರ ಕೂಪನ್ ಎಂದರೆ ಜೂಜುಗೃಹಗಳು ಗ್ರಾಹಕರನ್ನು ಬರಮಾಡಿಕೊಳ್ಳಲು ಮತ್ತು ಮತ್ತೆ ಮತ್ತೆ ಕರೆಸಿಕೊಳ್ಳಲು ಉಚಿತವಾಗಿ ಅಥವಾ ಪ್ರವೇಶ ಶುಲ್ಕದ ಭಾಗವಾಗಿ ನೀಡುವ ಚೀಟಿ, ಚಿಪ್ ಅಥವಾ ಖಾತೆಯ ಜಮೆ. ಇದನ್ನು ನೇರವಾಗಿ ನಗದಿಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ; ಆಟದಲ್ಲಿ ಪಣವಾಗಿ ಒಡ್ಡಬೇಕು. ಆದ್ದರಿಂದ ಕೂಪನ್ನಿನ ಮುಖಬೆಲೆಯೇ ಬೇರೆ, ನಿಜವಾದ ಬೆಲೆಯೇ ಬೇರೆ. ನಿಜವಾದ ಬೆಲೆಯನ್ನು ಸಂಭವನೀಯತೆಯ ಸರಳ ಗಣಿತದಿಂದ ಲೆಕ್ಕ ಹಾಕಬಹುದು. ಕ್ಯಾಸಿನೊದ ಬಹುತೇಕ ಎಲ್ಲ ಆಟಗಳೂ ಸರಾಸರಿಯಲ್ಲಿ ಆಟಗಾರನಿಗೆ ನಷ್ಟ ತರುವಂಥವು. ಕೂಪನ್ ಬಳಸಿದ ಒಂದು ಪಣ ಮಾತ್ರ ಇದಕ್ಕೆ ಅಪವಾದವಾಗಬಲ್ಲದು. ಆದರೆ ಆ ಲಾಭವು ಅತ್ಯಲ್ಪವಾದುದು ಮತ್ತು ಕೂಪನ್ ಮುಗಿದ ಮೇಲೆಯೂ ಆಟ ಮುಂದುವರಿಸಿದರೆ ಬೇಗನೆ ಕರಗಿಹೋಗುವಂಥದು.

## ಇತಿಹಾಸ

ಅಮೆರಿಕದ ನೆವಾಡ ರಾಜ್ಯವು 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿತು. ಅಲ್ಲಿನ ಲಾಸ್ ವೇಗಾಸ್ ನಗರದಲ್ಲಿ ಕ್ಯಾಸಿನೊಗಳ ಸಂಖ್ಯೆ ಹೆಚ್ಚಿದಂತೆ ಗ್ರಾಹಕರಿಗಾಗಿ ಪೈಪೋಟಿಯೂ ಬೆಳೆಯಿತು. ಅಗ್ಗದ ಊಟ, ಉಚಿತ ಪಾನೀಯ, ಪ್ರದರ್ಶನದ ಟಿಕೆಟ್ ಇವುಗಳ ಜೊತೆಗೆ 'ಫನ್ ಬುಕ್' ಎಂಬ ಕೂಪನ್ ಪುಸ್ತಿಕೆಗಳೂ ಬಳಕೆಗೆ ಬಂದವು.

ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ 1978ರ ಮೇ ತಿಂಗಳಲ್ಲಿ ಆರಂಭವಾಯಿತು. ನ್ಯೂಯಾರ್ಕ್, ಫಿಲಡೆಲ್ಫಿಯಾ ಮೊದಲಾದ ನಗರಗಳಿಂದ ಬಸ್ಸಿನಲ್ಲಿ ಬರುವವರಿಗೆ 25 ಸೆಂಟಿನ ನಾಣ್ಯಗಳ ಸುರುಳಿಯನ್ನೂ ಊಟದ ಚೀಟಿಯನ್ನೂ ಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ಈ ಪ್ರಯಾಣಿಕರಲ್ಲಿ ನಿವೃತ್ತರೇ ಹೆಚ್ಚಾಗಿದ್ದರು. ನಾಣ್ಯಗಳನ್ನು ಜೇಬಿಗಿಳಿಸಿ, ಕಡಲತೀರದಲ್ಲಿ ಅಡ್ಡಾಡಿ ಮನೆಗೆ ಮರಳಿದವನಿಗೆ ಅದು ನಿಜವಾದ ಉಡುಗೊರೆ. ಅವೇ ನಾಣ್ಯಗಳನ್ನು ಸ್ಲಾಟ್ ಯಂತ್ರಕ್ಕೆ ಹಾಕಿ, ಬಳಿಕ ಸ್ವಂತ ಹಣವನ್ನೂ ಹಾಕಿದವನಿಗೆ ಅದು ನಷ್ಟದ ಹೆಬ್ಬಾಗಿಲು. ಕ್ಯಾಸಿನೊಗಳ ಲೆಕ್ಕಾಚಾರವು ಎರಡನೆಯ ವರ್ಗದವರನ್ನೇ ನೆಚ್ಚಿಕೊಂಡಿತ್ತು.

1990ರ ದಶಕದ ಕೊನೆಯಲ್ಲಿ ಸದಸ್ಯತ್ವ ಕಾರ್ಡುಗಳು ಮುಖ್ಯವಾದವು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಗ್ಯಾರಿ ಲವ್‌ಮನ್ 1998ರಲ್ಲಿ ಹ್ಯಾರಾಸ್ ಸಂಸ್ಥೆಯನ್ನು ಸೇರಿದ ಮೇಲೆ, ಪ್ರತಿ ಗ್ರಾಹಕನ ಆಟದ ವಿವರವನ್ನು ವಿಶ್ಲೇಷಿಸಿ ಅವನಿಗೆ ತಕ್ಕ ಕೊಡುಗೆಯನ್ನು ಕಳುಹಿಸುವ ಕ್ರಮವು ಉದ್ಯಮದಲ್ಲಿ ಮಾದರಿಯಾಯಿತು.

## ಬಗೆಗಳು

* ಜೋಡಿ ಕೂಪನ್: 'ಮ್ಯಾಚ್ ಪ್ಲೇ' ಎಂದು ಪ್ರಸಿದ್ಧ. ಆಟಗಾರನು ತನ್ನ ಹಣದ ಜೊತೆಗೆ ಅಷ್ಟೇ ಮುಖಬೆಲೆಯ ಕೂಪನ್ನನ್ನು ಇಡುತ್ತಾನೆ. ಗೆದ್ದರೆ ಎರಡಕ್ಕೂ ಹಣ ದೊರೆಯುತ್ತದೆ; ಸೋತರೆ ಅವನ ಸ್ವಂತ ಹಣವಷ್ಟೇ ಹೋಗುತ್ತದೆ. ಫಲಿತಾಂಶ ಏನೇ ಇರಲಿ, ಸಾಮಾನ್ಯವಾಗಿ ಕೂಪನ್ನನ್ನು ಕ್ಯಾಸಿನೊ ಹಿಂದಕ್ಕೆ ಪಡೆಯುತ್ತದೆ.
* ಒಂದು ಬಾರಿಯ ಚಿಪ್: 'ಒನ್ ಟೈಮ್ ಪ್ಲೇ' ಅಥವಾ ಸಂಕ್ಷಿಪ್ತವಾಗಿ 'ಒಟಿಪಿ'. ಬ್ಯಾಂಕಿನ ಒಟಿಪಿಗೂ ಇದಕ್ಕೂ ಸಂಬಂಧವಿಲ್ಲ. ಸ್ವಂತ ಹಣವಿಲ್ಲದೆ ಇದನ್ನು ಒಂದು ಸಲ ಪಣವಾಗಿ ಒಡ್ಡಬಹುದು. ಗೆದ್ದ ಮೊತ್ತ ಆಟಗಾರನಿಗೆ, ಚಿಪ್ ಕ್ಯಾಸಿನೊಗೆ.
* ಸೋಲುವವರೆಗಿನ ಚಿಪ್: ಗೆದ್ದಾಗ ಚಿಪ್ ಆಟಗಾರನ ಬಳಿಯೇ ಉಳಿಯುತ್ತದೆ, ಸೋತಾಗ ಮಾತ್ರ ಹೋಗುತ್ತದೆ.
* ಸ್ಲಾಟ್ ಜಮೆ: ಸದಸ್ಯತ್ವ ಕಾರ್ಡಿನ ಮೂಲಕ ಯಂತ್ರಕ್ಕೆ ಸೇರುವ 'ಫ್ರೀ ಪ್ಲೇ' ಮೊತ್ತ. ಇದನ್ನು ಕನಿಷ್ಠ ಒಂದು ಸಲ ಆಡಿ ಮುಗಿಸಬೇಕು.
* ನಷ್ಟದ ರಿಯಾಯಿತಿ: ಸೋತ ಮೊತ್ತದ ಒಂದು ಪಾಲನ್ನು ಮರಳಿಸುವ ಕೊಡುಗೆ.
* ಆನ್‌ಲೈನ್ ಬೋನಸ್: ಜಾಲತಾಣದ ಖಾತೆಗೆ ಷರತ್ತಿನೊಡನೆ ಸೇರಿಸುವ ಮೊತ್ತ.

## ಮೌಲ್ಯದ ಲೆಕ್ಕ

### ಜೋಡಿ ಕೂಪನ್

ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿರುತ್ತವೆ: 18 ಕೆಂಪು, 18 ಕಪ್ಪು ಮತ್ತು 0, 00 ಎಂಬ ಎರಡು ಹಸಿರು ಮನೆಗಳು. ಕೆಂಪಿನ ಮೇಲೆ 10 ಡಾಲರ್ ಇಟ್ಟವನು ಗೆದ್ದರೆ 10 ಡಾಲರ್ ಗಳಿಸುತ್ತಾನೆ. ಪ್ರತಿ ಮನೆಯೂ ಒಂದೊಂದು ಸಲ ಬಂದಿತೆಂದು ಭಾವಿಸಿದರೆ, 38 ಸುತ್ತುಗಳಲ್ಲಿ 18 ಗೆಲುವಿನಿಂದ 180 ಡಾಲರ್ ಬಂದು, 20 ಸೋಲಿನಿಂದ 200 ಡಾಲರ್ ಹೋಗುತ್ತದೆ. ಒಟ್ಟು ನಷ್ಟ 20 ಡಾಲರ್; ಅಂದರೆ ಸುತ್ತಿಗೆ ಸುಮಾರು 53 ಸೆಂಟ್. ಪಣದ ಶೇ. 5.26ರಷ್ಟಾಗುವ ಈ ಮೊತ್ತವೇ ಕ್ಯಾಸಿನೊದ ಪಾಲು.

ಈಗ ಪ್ರತಿ ಸುತ್ತಿನಲ್ಲೂ 10 ಡಾಲರಿನ ಒಂದು ಜೋಡಿ ಕೂಪನ್ ಇದೆಯೆಂದು ಊಹಿಸಬಹುದು. 18 ಗೆಲುವುಗಳಿಂದ 360 ಡಾಲರ್ ಬರುತ್ತದೆ; 20 ಸೋಲುಗಳಿಂದ 200 ಡಾಲರ್ ಮಾತ್ರ ಹೋಗುತ್ತದೆ. ಉಳಿಯುವುದು 160 ಡಾಲರ್. ಅಂದರೆ ಸುತ್ತಿಗೆ ಸರಾಸರಿ 4.21 ಡಾಲರ್ ಲಾಭ. ದಾಳದ ಆಟವಾದ ಕ್ರ್ಯಾಪ್ಸ್‌ನಲ್ಲಿ 'ಪಾಸ್ ಲೈನ್' ಪಣವು 495ರಲ್ಲಿ 244 ಸಲ ಗೆಲ್ಲುವಂಥದು. ಅಲ್ಲಿ ಇದೇ ಕೂಪನ್ನಿನಿಂದ ಬರುವ ಸರಾಸರಿ ಲಾಭ 4.79 ಡಾಲರ್. ಹೀಗಾಗಿ ಜೋಡಿ ಕೂಪನ್ನಿನ ಪಣಕ್ಕೆ ಸ್ಥೂಲವಾಗಿ ಮುಖಬೆಲೆಯ ಅರ್ಧಕ್ಕಿಂತ ತುಸು ಕಡಿಮೆ ಬೆಲೆ ಕಟ್ಟಬಹುದು.

ಸರಾಸರಿ ಲಾಭವಿದೆ ಎಂದರೆ ಗೆಲುವು ಖಚಿತ ಎಂದಲ್ಲ. ಮೇಲಿನ ರೂಲೆಟ್ ಉದಾಹರಣೆಯಲ್ಲಿ 38ರಲ್ಲಿ 20 ಸಲ, ಅಂದರೆ ಅರ್ಧಕ್ಕಿಂತ ಹೆಚ್ಚು ಸಲ, ಆಟಗಾರನು ತನ್ನ 10 ಡಾಲರನ್ನು ಕಳೆದುಕೊಳ್ಳುತ್ತಾನೆ.

### ಒಂದು ಬಾರಿಯ ಚಿಪ್

ಈ ಚಿಪ್ ಗೆದ್ದರೂ ಮರಳಿ ಬಾರದ ಕಾರಣ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಯು ಮುಖ್ಯವಾಗುತ್ತದೆ. ಸಮ ಮೊತ್ತ ಕೊಡುವ ಪಣದಲ್ಲಿ ಗೆದ್ದವನು ಅರ್ಧ ಸಲ ಚಿಪ್ಪನ್ನು ಬಿಟ್ಟುಕೊಟ್ಟಂತೆ. ಹಲವು ಪಟ್ಟು ಕೊಡುವ ಪಣದಲ್ಲಿ ಗೆಲುವು ಅಪರೂಪವಾದ್ದರಿಂದ ಆ ನಷ್ಟ ಅಲ್ಪ. 38 ಮನೆಗಳ ಚಕ್ರದಲ್ಲಿ 100 ರೂಪಾಯಿ ಮುಖಬೆಲೆಯ ಚಿಪ್ಪಿನ ಸರಾಸರಿ ಬೆಲೆ ಹೀಗಿದೆ:

| ಪಣ | ಗೆದ್ದರೆ ದೊರೆಯುವುದು | ಸರಾಸರಿ ಬೆಲೆ (ರೂ.) |
|---|---|---|
| ಕೆಂಪು ಅಥವಾ ಕಪ್ಪು | ಒಂದು ಪಟ್ಟು | 47.4 |
| ಹನ್ನೆರಡು ಅಂಕಿಗಳ ಗುಂಪು | ಎರಡು ಪಟ್ಟು | 63.2 |
| ಆರು ಅಂಕಿಗಳ ಗುಂಪು | ಐದು ಪಟ್ಟು | 78.9 |
| ಒಂದೇ ಅಂಕಿ | 35 ಪಟ್ಟು | 92.1 |

ಒಂದೇ ಅಂಕಿಯ ಮೇಲಿಟ್ಟ ಚಿಪ್ 38ರಲ್ಲಿ 37 ಸಲ ಏನನ್ನೂ ತರುವುದಿಲ್ಲ. ಸರಾಸರಿ ಬೆಲೆ ಹೆಚ್ಚಿದಂತೆ ಬರಿಗೈಯಲ್ಲಿ ಮರಳುವ ಸಾಧ್ಯತೆಯೂ ಹೆಚ್ಚುತ್ತದೆ. ಈ ಕಾರಣದಿಂದಲೋ ಏನೋ, ಅನೇಕ ಕ್ಯಾಸಿನೊಗಳು ಇಂಥ ಚಿಪ್ಪುಗಳನ್ನು ಸಮ ಮೊತ್ತದ ಪಣಗಳಿಗೆ ಸೀಮಿತಗೊಳಿಸಿವೆ.

### ಇತರ ಬಗೆಗಳು

ಸೋಲುವವರೆಗಿನ ಚಿಪ್ ಕೆಂಪು–ಕಪ್ಪು ಪಣದಲ್ಲೇ ಮುಖಬೆಲೆಯ ಶೇ. 90ರಷ್ಟು ಬೆಲೆಬಾಳುತ್ತದೆ, ಏಕೆಂದರೆ ಪ್ರತಿ 20 ಸೋಲಿಗೆ ಸರಾಸರಿ 18 ಗೆಲುವುಗಳಿರುತ್ತವೆ. ಸ್ಲಾಟ್ ಜಮೆಯ ಬೆಲೆಯು ಯಂತ್ರವು ಮರಳಿಸುವ ಪ್ರಮಾಣವನ್ನು ಅವಲಂಬಿಸಿದೆ. ಯಂತ್ರಗಳು ಮರಳಿಸಬೇಕಾದ ಕನಿಷ್ಠ ಸೈದ್ಧಾಂತಿಕ ಪ್ರಮಾಣವನ್ನು ನೆವಾಡದ ನಿಯಮಗಳು ಶೇ. 75 ಎಂದೂ ನ್ಯೂಜೆರ್ಸಿಯ ನಿಯಮಗಳು ಶೇ. 83 ಎಂದೂ ಗೊತ್ತುಪಡಿಸಿವೆ.

ನಷ್ಟದ ರಿಯಾಯಿತಿಗೆ ಡಾನ್ ಜಾನ್ಸನ್ ಎಂಬ ಬ್ಲ್ಯಾಕ್‌ಜ್ಯಾಕ್ ಆಟಗಾರನ ಪ್ರಕರಣವು ಪ್ರಸಿದ್ಧ ಉದಾಹರಣೆ. ದೊಡ್ಡ ಮೊತ್ತದ ಸೋಲಿನಲ್ಲಿ ಶೇ. 20ರಷ್ಟನ್ನು ಬಿಟ್ಟುಕೊಡುವ ಒಪ್ಪಂದವನ್ನೂ ಅನುಕೂಲಕರ ನಿಯಮಗಳನ್ನೂ ಪಡೆದು ಆಡಿದ ಅವರು, 2011ರ ವೇಳೆಗೆ ಅಟ್ಲಾಂಟಿಕ್ ಸಿಟಿಯ ಮೂರು ಕ್ಯಾಸಿನೊಗಳಿಂದ ಒಟ್ಟು ಸುಮಾರು 1.5 ಕೋಟಿ ಡಾಲರ್ ಗೆದ್ದರು. ಒಂದು ಕೈಗೆ ಒಂದು ಲಕ್ಷ ಡಾಲರಿನವರೆಗೂ ಪಣ ಒಡ್ಡಬಲ್ಲವರಿಗೆ ಮಾತ್ರ ದೊರೆತ ಷರತ್ತುಗಳಿವು; ಸಾಮಾನ್ಯ ಗ್ರಾಹಕನ ಕೂಪನ್ನಿಗೆ ಅನ್ವಯಿಸುವುದಿಲ್ಲ.

## ಬಳಕೆಯಲ್ಲಿ ಗಮನಿಸುವ ಅಂಶಗಳು

ಕೂಪನ್ನಿನ ಪೂರ್ಣ ಬೆಲೆ ದೊರೆಯುವುದು ಅದರ ಹಿಂದೆ ಅಚ್ಚಾಗಿರುವ ಷರತ್ತುಗಳಿಗೆ ಒಳಪಟ್ಟು. ಅವಧಿ, ಅನ್ವಯಿಸುವ ಆಟಗಳು, ಕನಿಷ್ಠ ಪಣ, ಒಬ್ಬರಿಗೆ ಎಷ್ಟು ಎಂಬ ಮಿತಿ, ಪಂದ್ಯ ಸಮವಾದಾಗ ಕೂಪನ್ ಉಳಿಯುತ್ತದೆಯೇ ಎಂಬ ವಿಷಯಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ.

ಕ್ಯಾಸಿನೊದ ಪಾಲು ಕಡಿಮೆ ಇರುವ ಪಣಗಳಲ್ಲಿ ಜೋಡಿ ಕೂಪನ್ನಿನ ಬೆಲೆ ಹೆಚ್ಚು. ಕ್ರ್ಯಾಪ್ಸ್‌ನ ಪಾಸ್ ಲೈನಿನಲ್ಲಿ ಆ ಪಾಲು ಶೇ. 1.41, ಬ್ಯಾಕಾರಾದಲ್ಲಿ 'ಪ್ಲೇಯರ್' ಪಣಕ್ಕೆ ಶೇ. 1.24. ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಮೊದಲೆರಡು ಎಲೆಗಳಲ್ಲೇ 21 ಬಂದರೆ ಎರಡಕ್ಕೆ ಮೂರರಂತೆ ಹಣ ಕೊಡುವ ಮೇಜುಗಳಿಗಿಂತ ಐದಕ್ಕೆ ಆರರಂತೆ ಕೊಡುವ ಮೇಜುಗಳು ಆಟಗಾರನಿಗೆ ಹೆಚ್ಚು ನಷ್ಟಕರ.

ಇಬ್ಬರು ತಮ್ಮ ಜೋಡಿ ಕೂಪನ್ನುಗಳನ್ನು ಒಬ್ಬರು ಕೆಂಪಿನ ಮೇಲೆ, ಇನ್ನೊಬ್ಬರು ಕಪ್ಪಿನ ಮೇಲೆ ಇಟ್ಟರೆ ಸರಾಸರಿ ಲಾಭ ಬದಲಾಗುವುದಿಲ್ಲ, ಏರಿಳಿತ ಮಾತ್ರ ತಗ್ಗುತ್ತದೆ. ಹಸಿರು ಮನೆ ಬಾರದಿದ್ದರೆ ಇಬ್ಬರಿಗೂ ಸೇರಿ 10 ಡಾಲರ್ ಉಳಿಯುತ್ತದೆ. ಇಂಥ ಎದುರುಬದುರು ಪಣವನ್ನು ಹಲವು ಕ್ಯಾಸಿನೊಗಳು ನಿಷೇಧಿಸಿವೆ.

ಎಲ್ಲಕ್ಕಿಂತ ಮುಖ್ಯವಾದುದು ಕೂಪನ್ ಮುಗಿದ ನಂತರದ ನಡೆ. ಮೇಲಿನ ರೂಲೆಟ್ ಲೆಕ್ಕದಲ್ಲಿ ಕೂಪನ್ನಿನ ಲಾಭ 38 ಸುತ್ತಿಗೆ 160 ಡಾಲರ್. ಕೂಪನ್ ಇಲ್ಲದ ಪಣದ ನಷ್ಟ 38 ಸುತ್ತಿಗೆ 20 ಡಾಲರ್. 160ನ್ನು 20ರಿಂದ ಭಾಗಿಸಿದರೆ 8. ಅಂದರೆ ಒಂದು ಕೂಪನ್ ಬಳಸಿದ ಮೇಲೆ ಅಷ್ಟೇ ಮೊತ್ತದ ಎಂಟು ಪಣಗಳನ್ನು ಸ್ವಂತ ಹಣದಿಂದ ಒಡ್ಡಿದರೆ ಕೂಪನ್ನಿನ ಸರಾಸರಿ ಲಾಭವೆಲ್ಲವೂ ಅಳಿಸಿಹೋಗುತ್ತದೆ. ರೂಲೆಟ್ ಮೇಜಿನಲ್ಲಿ ಎಂಟು ಸುತ್ತುಗಳಿಗೆ ಸುಮಾರು ಕಾಲು ಗಂಟೆ ಸಾಕು. ಒಂಬತ್ತನೆಯ ಸುತ್ತಿನಿಂದ ಆಟಗಾರನು ಕೂಪನ್ನೇ ಇಲ್ಲದೆ ಬಂದವನಿಗಿಂತ ಭಿನ್ನನಲ್ಲ.

## ಕ್ಯಾಸಿನೊಗಳ ಲೆಕ್ಕ

ಸದಸ್ಯತ್ವ ಕಾರ್ಡುಳ್ಳ ಗ್ರಾಹಕನಿಂದ ನಿರೀಕ್ಷಿಸುವ ಆದಾಯವನ್ನು ಕ್ಯಾಸಿನೊಗಳು ನಾಲ್ಕು ಅಂಶಗಳ ಗುಣಲಬ್ಧವಾಗಿ ಕಂಡುಕೊಳ್ಳುತ್ತವೆ: ಸರಾಸರಿ ಪಣ, ಗಂಟೆಗೆ ನಡೆಯುವ ಸುತ್ತುಗಳು, ಆಡಿದ ಗಂಟೆಗಳು ಮತ್ತು ಆ ಆಟದಲ್ಲಿ ಕ್ಯಾಸಿನೊದ ಪಾಲು. ಹೀಗೆ ಬಂದ ಮೊತ್ತದ ಒಂದು ಅಂಶವನ್ನಷ್ಟೇ ಊಟ, ಕೊಠಡಿ ಮತ್ತು ಕೂಪನ್ನುಗಳ ರೂಪದಲ್ಲಿ ಮರಳಿಸಲಾಗುತ್ತದೆ. ಅಂಚೆಯಲ್ಲಿ ದೊಡ್ಡ ಕೂಪನ್ ಬಂದಿದೆಯೆಂದರೆ, ಅದನ್ನು ಪಡೆದವನು ಅದಕ್ಕಿಂತ ಹೆಚ್ಚು ಕಳೆದುಕೊಳ್ಳುವನೆಂದು ಸಂಸ್ಥೆಯು ಅಂದಾಜಿಸಿದೆ ಎಂದೇ ಅರ್ಥ. ಆದ್ದರಿಂದ ದೊಡ್ಡ ಕೂಪನ್ನಿನ ಆಸೆಗಾಗಿ ಹೆಚ್ಚು ಆಡುವುದು ಗಣಿತದ ದೃಷ್ಟಿಯಿಂದ ನಷ್ಟದ ವ್ಯವಹಾರ.

## ಆನ್‌ಲೈನ್ ಬೋನಸ್

ಆನ್‌ಲೈನ್ ಬೋನಸ್‌ಗಳಲ್ಲಿ ನಿರ್ಣಾಯಕವಾದುದು 'ಇಷ್ಟು ಪಟ್ಟು ಆಡಿ ಮುಗಿಸಬೇಕು' ಎಂಬ ಷರತ್ತು. 1,000 ರೂಪಾಯಿ ಬೋನಸ್ಸನ್ನು 30 ಪಟ್ಟು ಆಡಬೇಕಾದರೆ ಒಟ್ಟು 30,000 ರೂಪಾಯಿ ಪಣ ಒಡ್ಡಬೇಕು. ಶೇ. 96ರಷ್ಟು ಮರಳಿಸುವ ಯಂತ್ರದಲ್ಲಿ ಇದರ ಸರಾಸರಿ ನಷ್ಟ 1,200 ರೂಪಾಯಿ. ಬೋನಸ್‌ಗಿಂತ 200 ರೂಪಾಯಿ ಹೆಚ್ಚು. ಷರತ್ತು 10 ಪಟ್ಟಾದರೆ ನಷ್ಟ 400 ರೂಪಾಯಿಗೆ ಇಳಿಯುತ್ತದೆ. ಬ್ರಿಟನ್ನಿನ ಜೂಜು ಆಯೋಗವು ಈ ಷರತ್ತನ್ನು ಹತ್ತು ಪಟ್ಟಿಗೆ ಮಿತಿಗೊಳಿಸುವ ನಿಯಮವನ್ನು 2025ರಲ್ಲಿ ಪ್ರಕಟಿಸಿತು.

## ಭಾರತದಲ್ಲಿ

ಗೋವಾ, ದಮನ್ ಮತ್ತು ದೀವ್ ಸಾರ್ವಜನಿಕ ಜೂಜು ಕಾಯ್ದೆ, 1976ಕ್ಕೆ ತಂದ ತಿದ್ದುಪಡಿಗಳ ಮೂಲಕ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೂ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅವಕಾಶವಾಯಿತು. ಪಣಜಿಯ ಮಾಂಡೋವಿ ನದಿಯಲ್ಲಿ ತೇಲುವ ಕ್ಯಾಸಿನೊಗಳು ಕರ್ನಾಟಕದ ಪ್ರವಾಸಿಗರಿಗೂ ಪರಿಚಿತ. ಸಿಕ್ಕಿಂ ರಾಜ್ಯದಲ್ಲಿಯೂ ಕ್ಯಾಸಿನೊಗಳಿವೆ. ಕರ್ನಾಟಕದಲ್ಲಿ ಅವುಗಳಿಗೆ ಅವಕಾಶವಿಲ್ಲ.

ಗೋವಾದ ಕ್ಯಾಸಿನೊಗಳ ಪ್ರವೇಶ ಶುಲ್ಕದಲ್ಲಿ ಊಟ, ಮನರಂಜನೆಗಳ ಜೊತೆಗೆ ಒಂದು ಬಾರಿಯ ಚಿಪ್ಪುಗಳನ್ನೂ ಸೇರಿಸುವ ರೂಢಿಯಿದೆ. ಉದಾಹರಣೆಗೆ, 3,000 ರೂಪಾಯಿ ಶುಲ್ಕದಲ್ಲಿ 1,000 ರೂಪಾಯಿಯ ಚಿಪ್ ಸೇರಿದ್ದು, ಅದನ್ನು ಸಮ ಮೊತ್ತದ ಪಣಕ್ಕೆ ಮಾತ್ರ ಬಳಸಬಹುದಾದರೆ ಅದರ ಬೆಲೆ ಸುಮಾರು 480 ರೂಪಾಯಿ. ಉಳಿದ 2,520 ರೂಪಾಯಿಯನ್ನು ಊಟ ಮತ್ತು ಮನರಂಜನೆಗೆ ತೆತ್ತಂತೆಯೇ ಸರಿ.

ತೆರಿಗೆಯ ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. 2023ರ ಅಕ್ಟೋಬರಿನಿಂದ ಚಿಪ್ ಖರೀದಿಯ ಪೂರ್ಣ ಮೊತ್ತದ ಮೇಲೆ ಶೇ. 28ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40ಕ್ಕೆ ಏರಿತು. ಗೆದ್ದ ಹಣಕ್ಕೆ ಶೇ. 30ರ ಆದಾಯ ತೆರಿಗೆ ಅನ್ವಯಿಸುತ್ತದೆ. ಸೋತ ಹಣವನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ.

ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ದೇಶಾದ್ಯಂತ ನಿಷೇಧಿಸಿದೆ. ಆದ್ದರಿಂದ ಭಾರತದಲ್ಲಿರುವವರಿಗೆ ಮೊಬೈಲಿನ ಮೂಲಕ ಬರುವ ಆನ್‌ಲೈನ್ ಕ್ಯಾಸಿನೊ ಬೋನಸ್ ಸಂದೇಶಗಳು ಕಾನೂನುಬಾಹಿರ ಪ್ರಚಾರಗಳಾಗಿವೆ.

## ಜೂಜಿನ ವ್ಯಸನ

ಕೂಪನ್ನುಗಳು ಜೂಜಿನ ವ್ಯಸನಕ್ಕೆ ಒಳಗಾದವರನ್ನು ಮತ್ತೆ ಮೇಜಿಗೆ ಎಳೆಯುತ್ತವೆ ಎಂಬುದು ಅವುಗಳ ಮೇಲಿರುವ ಮುಖ್ಯ ಆಕ್ಷೇಪ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದ ಗುಂಪಿಗೇ ಸೇರಿಸಿದೆ. ಕಳೆದುಕೊಂಡುದನ್ನು ಮರಳಿ ಗಳಿಸಲು ಇನ್ನಷ್ಟು ಆಡುವುದು, ಆಟದ ಬಗ್ಗೆ ಮನೆಯವರಲ್ಲಿ ಸುಳ್ಳು ಹೇಳುವುದು, ಸಾಲ ಮಾಡುವುದು ಇದರ ಲಕ್ಷಣಗಳು. ಇಂಥವರ ಪಾಲಿಗೆ ಬಳಸದೆ ಹರಿದುಹಾಕಿದ ಕೂಪನ್ನೇ ಅತಿ ಹೆಚ್ಚು ಬೆಲೆಯುಳ್ಳದ್ದು. ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ.

## ಇವನ್ನೂ ನೋಡಿ

* ಸಂಭವನೀಯತೆ
* ರೂಲೆಟ್
* ಜೂಜು
* ಗೋವಾದ ಪ್ರವಾಸೋದ್ಯಮ