ಮೂಸೆಗೆ ಬಿದ್ದ ವರಹ

ನಮ್ಮ ಮನೆಗಳಲ್ಲಿ ಹಳೆಯ ಚಿನ್ನವನ್ನು ಅಳೆಯಲು ಇರುವುದು ಒಂದೇ ಅಳತೆ, ತೂಕ. ಮಗಳ ನಿಕಾಹ್ ಗೊತ್ತಾಯಿತೆಂದರೆ ನಾನಿಯ ಪೆಟ್ಟಿಗೆಯಲ್ಲಿದ್ದ ಕಾಸುಗಳು ಅಕ್ಕಸಾಲಿಗನ ಮೂಸೆಗೆ ಬೀಳುತ್ತವೆ, ಝುಮಕಿಯಾಗಿ ಹೊರಬರುತ್ತವೆ. ಆ ಕಾಸಿನ ಮೇಲೆ ಏನು ಬರೆದಿತ್ತೆಂದು ಕೇಳುವವರು ಕಡಿಮೆ.

ದೇವನಹಳ್ಳಿಯ ಕೋಟೆಗೆ ಹೋದಾಗಲೆಲ್ಲ ನಮಗೆ ಇದು ನೆನಪಾಗುತ್ತದೆ. 1749ರಲ್ಲಿ ಮೈಸೂರು ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಹೈದರ್ ಅಲಿಯ ಶೌರ್ಯ ದೊರೆಗಳ ಕಣ್ಣಿಗೆ ಬಿದ್ದದ್ದು. ಟಿಪ್ಪು ಹುಟ್ಟಿದ್ದೂ ಇದೇ ಊರಿನಲ್ಲಿ. ಈ ತಂದೆ ಮಗ ಅಚ್ಚು ಹಾಕಿಸಿದ ಚಿನ್ನದ ನಾಣ್ಯಗಳಿಗಾಗಿ ಇಂದು ಸಂಗ್ರಾಹಕರು ಹುಡುಕಾಡುತ್ತಾರೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಇಕ್ಕೇರಿ ನಾಯಕರ ವರಹವನ್ನು ತಳ್ಳಿಹಾಕಲಿಲ್ಲ. ಅದರ ಮೇಲಿದ್ದ ಶಿವ ಪಾರ್ವತಿಯರನ್ನು ಹಾಗೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಹಾಕಿಸಿದ. ಸಂತೆಯ ವ್ಯಾಪಾರಿ ನಂಬುವುದು ತಾನು ಕಂಡು ಬಲ್ಲ ನಾಣ್ಯವನ್ನು. ಆ ನಂಬಿಕೆಯನ್ನು ಕೆಡಿಸಬಾರದೆಂಬ ವಿವೇಕ ಈ ಸಿಪಾಯಿಗಿತ್ತು.

ಟಿಪ್ಪುವಿನ ದಾರಿ ಬೇರೆ. ಅವನ ಚಿನ್ನದ ಮೇಲೆ ದೇವತೆಗಳಿಲ್ಲ, ಪಾರಸಿ ಬರಹವಿದೆ. ನಾಲ್ಕು ವರಹದ ನಾಣ್ಯ ಪ್ರವಾದಿಯವರ ಹೆಸರಿನಲ್ಲಿ ಅಹ್ಮದಿ, ಎರಡು ವರಹದ್ದು ಖಲೀಫ ಅಬೂಬಕರ್ ಸಿದ್ದೀಕರ ಹೆಸರಿನಲ್ಲಿ ಸಿದ್ದೀಕಿ, ವರಹ ಉಮರ್ ಫಾರೂಕರ ಹೆಸರಿನಲ್ಲಿ ಫಾರೂಕಿ. ಬೆಳ್ಳಿಯಲ್ಲಿ ಬಾಕಿರಿ, ಜಾಫರಿ, ಕಾಜಿಮಿ ಎಂದು ಇಮಾಮರ ಹೆಸರುಗಳು. ಸುನ್ನಿ, ಶಿಯಾ ಎರಡೂ ಪರಂಪರೆಗಳು ಒಂದೇ ಖಜಾನೆಯಲ್ಲಿ ಕೂಡಿದವು. 1787ರ ಸುಮಾರಿಗೆ ಅವನು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆದರೂ ಫಾರೂಕಿಯ ಮೇಲೆ ತಂದೆಯ ಅಕ್ಷರ ಉಳಿಯಿತು, ತಾಮ್ರದ ಕಾಸಿನ ಮೇಲೆ ಮೈಸೂರಿನ ಹಳೆಯ ಆನೆ ನಡೆಯುತ್ತಲೇ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವ ಪಾರ್ವತಿಯರು ಮತ್ತೆ ಬಂದರು.

ಇಂಥ ನಾಣ್ಯಗಳು ವಿರಳವಾಗುವುದು ಹೇಗೆ? ಅಮೆರಿಕದ ಕತೆ ಇದಕ್ಕೆ ಉತ್ತರ ಹೇಳುತ್ತದೆ. ಟಿಪ್ಪು ಬದುಕಿದ್ದಾಗಲೇ, 1795ರಲ್ಲಿ, ಫಿಲಡೆಲ್ಫಿಯಾದ ಟಂಕಸಾಲೆ ಚಿನ್ನದ ನಾಣ್ಯ ಹೊರತರಲು ತೊಡಗಿತು. ಮುಂದೆ ನಾಣ್ಯದ ಬೆಲೆಗಿಂತ ಅದರಲ್ಲಿದ್ದ ಚಿನ್ನದ ಬೆಲೆಯೇ ಹೆಚ್ಚಾಯಿತು; ಜನ ರಾಶಿ ರಾಶಿಯಾಗಿ ಕರಗಿಸಿದರು. 1834ರಲ್ಲಿ ಸರಕಾರ ನಾಣ್ಯದ ಚಿನ್ನವನ್ನೇ ಕಡಿಮೆ ಮಾಡಬೇಕಾಯಿತು. 1822ರಲ್ಲಿ ಅಚ್ಚಾದ 17,796 ಐದು ಡಾಲರ್ ನಾಣ್ಯಗಳಲ್ಲಿ ಇಂದು ಗೊತ್ತಿರುವುದು ಮೂರು ಮಾತ್ರ. ಅವುಗಳಲ್ಲೊಂದು 2021ರಲ್ಲಿ 84 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಚಿನ್ನ ಒಂದು ತೊಲಕ್ಕಿಂತಲೂ ಕಡಿಮೆ! ಆ ಬೆಲೆ ಚಿನ್ನಕ್ಕಲ್ಲ, ಮೂಸೆಯಿಂದ ತಪ್ಪಿಸಿಕೊಂಡದ್ದಕ್ಕೆ.

ನಮ್ಮಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಸುತ್ತ ಯಂತ್ರಗಳು ನೆಲ ಅಗೆಯುತ್ತಲೇ ಇವೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನಿದೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸದಂತೆ 1972ರ ಕಾಯ್ದೆ ತಡೆಯುತ್ತದೆ. ಆದರೆ ಮನೆಯ ಪೆಟ್ಟಿಗೆಗೆ ಕಾವಲುಗಾರರು ನಾವೇ.

ಹೈದರನ ವರಹವನ್ನು ಅಂಗೈಯಲ್ಲಿಟ್ಟುಕೊಂಡವರು ಒಂದು ಬದಿಯನ್ನಷ್ಟೇ ನೋಡಿ ತೀರ್ಪು ಕೊಡಲಾರರು. ತಿರುಗಿಸಿ ನೋಡಲೇಬೇಕು. ತಂದೆ ಮಗನ ಬಗ್ಗೆ ಇಷ್ಟೊಂದು ಕೂಗಾಟ ನಡೆದಿರುವ ಈ ಕಾಲದಲ್ಲಿ, ಅವರೇ ಅಚ್ಚೊತ್ತಿಸಿದ ಸಾಕ್ಷಿಯನ್ನು ನಾಲ್ಕು ಗ್ರಾಮಿನ ಝುಮಕಿಗಾಗಿ ಕರಗಿಸುವುದಾದರೆ, ನಾಳೆ ಮಕ್ಕಳಿಗೆ ನಾವು ಏನನ್ನು ತೋರಿಸುವುದು?